ಬಿಲ್ಲೆಯಲ್ಲಿಲ್ಲದ ಹೆಸರು

ನದೀಮೂಲ, ಋಷಿಮೂಲ, ಸ್ತ್ರೀಮೂಲ ಈ ಮೂರನ್ನು ಕೆದಕಬಾರದೆಂದು ನಮ್ಮ ಹಿರಿಯರು ಹೇಳಿದ್ದಾರೆ. ಹಾಗೆ ಹೇಳಿದ ಹಿರಿಯರೇ ಹೆಣ್ಣು ನೋಡಲು ಹೋದಾಗ ಉಪ್ಪಿಟ್ಟಿನ ತಟ್ಟೆ ಕೈಗೆ ಬರುವ ಮೊದಲೇ ಹುಡುಗಿಯ ಗೋತ್ರ, ತಾಯಿಯ ತವರು, ಅಜ್ಜಿಯ ಊರು ಎಲ್ಲವನ್ನೂ ಕೇಳಿ ಮುಗಿಸುತ್ತಿದ್ದರು ಎನ್ನುವುದು ಬೇರೆ ಮಾತು. ಮೂಲವನ್ನು ತಿಳಿಯುವ ಕುತೂಹಲ ಮನುಷ್ಯನನ್ನು ಬಿಟ್ಟದ್ದಲ್ಲ. ಒಂದು ವಸ್ತು ಕೈಗೆ ಬಂದರೆ ಸಾಕು, ಇದು ಎಲ್ಲಿಯದು, ಯಾವ ಕಾಲದ್ದು, ಅಸಲಿಯೋ ನಕಲಿಯೋ ಎಂದು ತಿರುಗಿಸಿ ತಿರುಗಿಸಿ ನೋಡುತ್ತೇವೆ. ಈ ತಿರುಗಿಸಿ ನೋಡುವುದು ಒಂದು ವಿದ್ಯೆಯಾಗಿ, ವಿದ್ಯೆ ಒಂದು ವ್ಯಾಪಾರವಾಗಿ ಬೆಳೆದಾಗ ಏನಾಗುತ್ತದೆ ಎನ್ನುವುದನ್ನು ಸ್ವಲ್ಪ ವಿಚಾರ ಮಾಡಬೇಕೆಂದು ನನಗೆ ಬಹಳ ದಿನಗಳಿಂದ ಅನ್ನಿಸಿತ್ತು.

ವಿಚಾರಕ್ಕೆ ನಾನು ಆರಿಸಿಕೊಂಡಿರುವುದು ಹಳೆಯ ಡ್ರಮ್ ಸೆಟ್ಟುಗಳ ಮೂಲವನ್ನು ಪತ್ತೆ ಹಚ್ಚುವ ವಿದ್ಯೆ. ಕನ್ನಡ ಪಾಠ ಹೇಳುವ ಮೇಡಂಗೂ ಡ್ರಮ್ಮಿಗೂ ಏನು ಸಂಬಂಧ ಎಂದು ನೀವು ನಗಬಹುದು. ಪಥಸಂಚಲನದ ದಿನ ಶಾಲೆಯ ಬ್ಯಾಂಡ್ ಸೆಟ್ಟನ್ನು ಬೀರುವಿನಿಂದ ತೆಗೆಸಿ, ಧೂಳು ಒರೆಸಿ, ಮಕ್ಕಳ ಕೊರಳಿಗೆ ಸೈಡ್ ಡ್ರಮ್ ತಗುಲಿಸಿದ್ದಷ್ಟೇ ನನ್ನ ಸಂಬಂಧವಾಗಿತ್ತು. ಆದರೆ ೨೦೧೯ರ ಬೇಸಿಗೆ ರಜೆಯಲ್ಲಿ ಅಮೆರಿಕದ ಷಿಕಾಗೋ ನಗರದ ಹೊರವಲಯದಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದೆ. ಅವಳ ಹದಿನಾಲ್ಕು ವರ್ಷದ ಮಗಳು ಡ್ರಮ್ ಕಲಿಯಬೇಕೆಂದು ಹಟ ಹಿಡಿದಿದ್ದಳು. ಅಲ್ಲಿ ಜನ ಬೇಡವಾದ ಸಾಮಾನನ್ನು ಮನೆ ಮುಂದೆ ಹರಡಿ ಮಾರುತ್ತಾರೆ. ಅಂಥ ಒಂದು ಮನೆಯ ಮುಂದೆ ಅವರಿಗೆ ಹಳೆಯ ಡ್ರಮ್ ಸೆಟ್ಟೊಂದು ಸಿಕ್ಕಿತು. ನಾನಿದ್ದ ಆರು ವಾರವೂ ಮನೆಯಲ್ಲಿ ಅದರದೇ ಮಾತು.

ಆ ಸೆಟ್ಟಿನಲ್ಲಿ ಇದ್ದದ್ದಿಷ್ಟು: ಕಾಲಿನಿಂದ ಬಡಿಯುವ ದೊಡ್ಡ ಬೇಸ್ ಡ್ರಮ್ಮು, ನೆಲಕ್ಕೆ ಮೂರು ಕಾಲೂರಿ ನಿಲ್ಲುವ ದೊಡ್ಡ ಟಾಮ್, ಬೇಸ್ ಡ್ರಮ್ಮಿನ ತಲೆಯ ಮೇಲೆ ಕೂರುವ ಚಿಕ್ಕ ಟಾಮ್, ಕೆಳಮೈಯಲ್ಲಿ ತಂತಿಗಳ ಸಾಲಿರುವ ಸ್ನೇರ್ ಡ್ರಮ್ಮು, ಒಂದು ಕಂಚಿನ ಸಿಂಬಲ್. ಡ್ರಮ್ಮುಗಳಿಗೆ ಹೊದಿಸಿದ್ದ ಬೆಳ್ಳಿ ಮಿಂಚಿನ ಹಾಳೆ ವಯಸ್ಸಾಗಿ ತುಪ್ಪದ ಬಣ್ಣಕ್ಕೆ ತಿರುಗಿತ್ತು. ಬಳೆ ತೆಗೆದರೆ ಅಡಿಯಲ್ಲಿ ಎಳೆಯ ಮೈಬಣ್ಣ ಕಾಣುವುದಿಲ್ಲವೇ, ಹಾಗೆ ಅಂಚಿನ ಬಳೆಗಳನ್ನು ಬಿಚ್ಚಿದಾಗ ಅಡಿಯಲ್ಲಿ ಮೊದಲಿನ ಬೆಳ್ಳಿಯ ಬಣ್ಣವೇ ಇತ್ತು.

ನನ್ನ ತಂಗಿಯ ಯಜಮಾನರು ಇಂಜಿನಿಯರು. ಯಾವ ವಸ್ತುವನ್ನೂ ಬಿಚ್ಚಿ ನೋಡದೆ ನಂಬುವವರಲ್ಲ. ಅವರು ಈ ಸೆಟ್ಟಿನ ಜಾತಕ ಬರೆಯಲು ಕುಳಿತರು. ಪಕ್ಕದಲ್ಲಿ ಕುಳಿತು ಟಾರ್ಚು ಹಿಡಿಯುವ ಕೆಲಸ ನನ್ನದು. ಆ ವಿದ್ಯೆಯ ಹಂತಗಳನ್ನು ನಾನು ಕಲಿತದ್ದು ಹಾಗೆ. ವಿಮರ್ಶೆಗೆ ಮೊದಲು ವಿವರಣೆ ಬೇಕಲ್ಲವೇ? ಅದನ್ನು ಹೇಳುತ್ತೇನೆ.

ಮೊದಲು ನೋಡುವುದು ಬಿಲ್ಲೆ. ಪ್ರತಿ ಡ್ರಮ್ಮಿನ ಮೈಮೇಲೂ ಗಾಳಿಯಾಡಲು ಒಂದು ತೂತಿರುತ್ತದೆ. ಆ ತೂತಿನ ಸುತ್ತ ತಯಾರಕರ ಹೆಸರಿನ ಲೋಹದ ಬಿಲ್ಲೆ. ನಮ್ಮ ಬೇಸ್ ಡ್ರಮ್ಮಿಗೂ ದೊಡ್ಡ ಟಾಮಿಗೂ ಇದ್ದದ್ದು ಲುಡ್ವಿಗ್ ಕಂಪನಿಯ ಹಿತ್ತಾಳೆಯ ಬಿಲ್ಲೆ, ಕಮಾನಿನ ನೆತ್ತಿಯಲ್ಲಿ ಕೂರಿಸುವ ಕಲ್ಲಿನ ಆಕಾರದ್ದು. ಅದರಲ್ಲಿ ಕ್ರಮಸಂಖ್ಯೆ ಇದೆಯೇ ಇಲ್ಲವೇ ಎನ್ನುವುದು ಎರಡನೆಯ ಪ್ರಶ್ನೆ. ಲುಡ್ವಿಗ್ ಕಂಪನಿ ಸಂಖ್ಯೆ ಒತ್ತಲು ತೊಡಗಿದ್ದು ೧೯೬೩ರ ಕೊನೆಯ ಹೊತ್ತಿಗೆ. ೧೯೭೦ರ ಸುಮಾರಿಗೆ ಬಿಲ್ಲೆಯ ಆಕಾರವೂ ಬಣ್ಣವೂ ಬದಲಾದವು. ಅಂದರೆ ಸಂಖ್ಯೆಯಿರುವ ಹಿತ್ತಾಳೆ ಬಿಲ್ಲೆ ಎಂದರೆ ನಡುವಿನ ಆರೇಳು ವರ್ಷ ಎಂದಾಯಿತು. ಆದರೆ ಅಷ್ಟಕ್ಕೇ ನಂಬುವಂತಿಲ್ಲ. ಮುಂದಿನ ಕಾಲದಲ್ಲಿ ಅದೇ ಆಕಾರದ ಬಿಲ್ಲೆಯನ್ನು ಕಂಪನಿ ಮತ್ತೆ ಬಳಸಿದೆ. ಹಳೆಯ ಬಿಲ್ಲೆಯ ನಕಲುಗಳೂ ಮಾರಾಟಕ್ಕೆ ಸಿಗುತ್ತವೆ.

ಆದ್ದರಿಂದ ಮೂರನೆಯದಾಗಿ ಒಳಮೈ ನೋಡಬೇಕು. ೧೯೬೦ರ ದಶಕದ ಲುಡ್ವಿಗ್ ಡ್ರಮ್ಮುಗಳ ಮೈ ಮೂರು ಪದರದ ಮರದ್ದು, ಎರಡು ಅಂಚಿಗೂ ಒಳಗಡೆ ಬಲಕ್ಕಾಗಿ ಮರದ ಬಳೆ. ಆ ದಶಕದ ಹೆಚ್ಚಿನ ವರ್ಷಗಳಲ್ಲಿ ಒಳಮೈಗೆ ಬೂದು ಚುಕ್ಕಿಯ ಬಣ್ಣ ಬಳಿಯುತ್ತಿದ್ದರು. ದಶಕದ ಕೊನೆಗೆ ಅದನ್ನು ಬಿಟ್ಟು ಮರ ಕಾಣುವಂತೆ ಬರಿಯ ವಾರ್ನಿಷ್ ಹಾಕತೊಡಗಿದರು. ನಾಲ್ಕನೆಯದು, ಕೆಂಪು ಶಾಯಿಯ ಮುದ್ರೆ. ಆ ಕಾಲದ ಅನೇಕ ಡ್ರಮ್ಮುಗಳ ಒಳಗೆ ಕಾರ್ಖಾನೆಯವರು ತಾರೀಖನ್ನೇ ಒತ್ತಿದ್ದಾರೆ. ನಮ್ಮ ಬೇಸ್ ಡ್ರಮ್ಮಿನ ಒಳಗೆ ಟಾರ್ಚು ಬಿಟ್ಟಾಗ ಬೂದು ಚುಕ್ಕಿಗಳ ನಡುವೆ ೧೯೬೬ ಎಂಬ ಕೆಂಪು ಅಂಕಿಗಳು ಕಂಡವು. ನನಗಂತೂ ಬಾವಿಯ ತಳದಲ್ಲಿ ಬಿದ್ದ ಬಿಂದಿಗೆ ಕಂಡಷ್ಟು ಸಂತೋಷವಾಯಿತು.

ಚಿಕ್ಕ ಟಾಮ್ ಮಾತ್ರ ಬೇರೆ ಮನೆತನದ್ದು. ಅದರ ಬಿಲ್ಲೆಯಲ್ಲಿ ಸ್ಲಿಂಗರ್ಲ್ಯಾಂಡ್ ಎಂಬ ಹೆಸರೂ ನೈಲ್ಸ್ ಎಂಬ ಊರಿನ ಹೆಸರೂ ಇದ್ದವು. ಸ್ಲಿಂಗರ್ಲ್ಯಾಂಡ್ ಕಂಪನಿಯೂ ಷಿಕಾಗೋದ್ದೇ, ಲುಡ್ವಿಗ್ಗಿಗೆ ಹಳೆಯ ಪ್ರತಿಸ್ಪರ್ಧಿ. ೧೯೬೦ರಲ್ಲಿ ಅದು ನಗರಕ್ಕೆ ಅಂಟಿಕೊಂಡಿರುವ ನೈಲ್ಸ್ ಎಂಬ ಊರಿಗೆ ಕಾರ್ಖಾನೆಯನ್ನು ಸಾಗಿಸಿತು. ಹೀಗಾಗಿ ಷಿಕಾಗೋ ಎಂದಿದ್ದರೆ ಹಿಂದಿನದು, ನೈಲ್ಸ್ ಎಂದಿದ್ದರೆ ನಂತರದ್ದು. ಸ್ನೇರ್ ಡ್ರಮ್ಮಿನ ಮೇಲೆ ಯಾವುದೋ ಅಂಗಡಿಯ ಹೆಸರಿತ್ತು. ಆ ಕಾಲದಲ್ಲಿ ಜಪಾನಿನ ಕಾರ್ಖಾನೆಗಳು ಅಗ್ಗದ ಡ್ರಮ್ಮುಗಳನ್ನು ಮಾಡಿ, ಅಮೆರಿಕದ ವ್ಯಾಪಾರಿಗಳು ಹೇಳಿದ ಹೆಸರನ್ನೇ ಅಂಟಿಸಿ ಹಡಗಿಗೆ ಏರಿಸುತ್ತಿದ್ದವು. ಹಡೆದವರ ಹೆಸರಿಲ್ಲ, ಮಾರಿದವರ ಹೆಸರಷ್ಟೇ.

ಹಳೆಗನ್ನಡ ಓದಿದವರಿಗೆ ಈ ಕೆಲಸ ಹೊಸದೆನಿಸುವುದಿಲ್ಲ. ತಾಳೆಗರಿಯ ಪ್ರತಿ ಸಿಕ್ಕಿದಾಗ ವಿದ್ವಾಂಸರು ಮಾಡುವುದೂ ಇದನ್ನೇ. ಕೊನೆಯಲ್ಲಿ ಲಿಪಿಕಾರ ಒಂದು ತಿಥಿ ಬರೆದಿರುತ್ತಾನೆ. ಅದು ಅವನದೇ ತಿಥಿಯೋ, ಮುಂದಿದ್ದ ಪ್ರತಿಯನ್ನು ನೋಡಿ ಇಳಿಸಿಕೊಂಡದ್ದೋ ಹೇಳಲಾಗದು. ಅಕ್ಷರದ ತಿರುವು ನೋಡಬೇಕು, ಗರಿಯ ವಯಸ್ಸು ನೋಡಬೇಕು, ನಡುವೆ ಇನ್ನೊಬ್ಬರ ಕೈ ಸೇರಿದೆಯೇ ನೋಡಬೇಕು. ಒಂದು ಸಾಕ್ಷಿಯನ್ನು ಇನ್ನೊಂದರಿಂದ ತಿಕ್ಕಿ ನೋಡದೆ ತೀರ್ಪು ಕೊಡಬಾರದು. ಡ್ರಮ್ಮಿನವರ ಈ ಶಿಸ್ತನ್ನು ಕಂಡು ನನಗೆ ಗೌರವ ಮೂಡಿತು. ಲುಡ್ವಿಗ್ಗಿನ ಕ್ರಮಸಂಖ್ಯೆಯನ್ನೇ ಅವರು ಪೂರ್ತಿ ನಂಬುವುದಿಲ್ಲ. ಏಕೆಂದರೆ ಕಾರ್ಖಾನೆಯಲ್ಲಿ ಬಿಲ್ಲೆಗಳನ್ನು ಡಬ್ಬಿಯಲ್ಲಿ ಸುರಿದಿಟ್ಟು ಕೈಗೆ ಸಿಕ್ಕಿದ್ದನ್ನು ಹೊಡೆಯುತ್ತಿದ್ದರು. ಹಾಗಾಗಿ ಒಂದೇ ದಿನ ಹುಟ್ಟಿದ ಎರಡು ಡ್ರಮ್ಮುಗಳ ಸಂಖ್ಯೆಗಳು ಎಷ್ಟೋ ಸಾವಿರ ದೂರವಿರಬಹುದು. ಸಂಖ್ಯೆ ಇದೆಯೆಂದ ಮಾತ್ರಕ್ಕೆ ಸತ್ಯವಲ್ಲ ಎನ್ನುವ ಈ ವಿವೇಕ ನಮ್ಮ ಎಷ್ಟೋ ಇಲಾಖೆಗಳಿಗೂ ಬರಬೇಕಾಗಿದೆ.

ಇಷ್ಟು ಹೊಗಳಿದ ಮೇಲೆ ನನ್ನ ತಕರಾರುಗಳಿಗೆ ಬರುತ್ತೇನೆ.

ಮೊದಲನೆಯದು, ಡ್ರಮ್ ಸೆಟ್ಟಿನ ‘ಮೂಲ’ ಎಂದರೆ ಯಾವುದು? ಬಿಲ್ಲೆ ಹೇಳುವುದು ಕಾರ್ಖಾನೆಯ ಊರನ್ನು ಮಾತ್ರ. ಆ ವಾದ್ಯವೋ ಒಂದೂರಿನದಲ್ಲ. ದೊಡ್ಡ ಡ್ರಮ್ಮೂ ಸಿಂಬಲ್ಲೂ ತುರ್ಕರ ಸೈನ್ಯದ ಮೇಳದಿಂದ ಯುರೋಪಿನ ದಂಡಿಗೆ ಹೋದವು. ಸ್ನೇರ್ ಯುರೋಪಿನ ಸಿಪಾಯಿಗಳ ಸೊಂಟದಲ್ಲಿ ತೂಗಾಡುತ್ತಿದ್ದದ್ದು. ಟಾಮ್ ಎನ್ನುವುದು ಚೀನಾದಿಂದ ವಲಸೆ ಬಂದವರ ಜೊತೆ ಬಂತು. ಹಂದಿಯ ಚರ್ಮವನ್ನು ಸುತ್ತಲೂ ಮೊಳೆ ಹೊಡೆದು ಬಿಗಿದ, ಬಣ್ಣದ ಚಿತ್ರ ಬಿಡಿಸಿದ ಪುಟ್ಟ ಡೋಲು ಅದು. ೧೯೩೦ರ ದಶಕದಲ್ಲಿ ಜೀನ್ ಕ್ರೂಪಾ ಎಂಬ ಪ್ರಸಿದ್ಧ ವಾದಕನೂ ಸ್ಲಿಂಗರ್ಲ್ಯಾಂಡ್ ಕಂಪನಿಯವರೂ ಸೇರಿ ಅದಕ್ಕೆ ಎರಡೂ ಕಡೆ ಶ್ರುತಿ ಮಾಡುವ ತಿರುಪು ಬರುವಂತೆ ಮಾಡಿದರು. ಇವೆಲ್ಲವನ್ನೂ ಒಂದು ಆಸನದ ಸುತ್ತ ತಂದು ಕೂಡಿಸಿದವರು ಅಮೆರಿಕದ ವಾದಕರು, ಅವರಲ್ಲೂ ಜಾಸ್ ಸಂಗೀತ ಕಟ್ಟಿದ ಕಪ್ಪು ಜನರ ಪಾಲು ಬಹಳ ದೊಡ್ಡದು.

ಕೂಡಿಸಿದ್ದಕ್ಕೆ ಕಾರಣವೂ ಇದೆ. ನಾಟಕಶಾಲೆಯ ವೇದಿಕೆಯ ಮುಂದಿನ ಗುಂಡಿಯಲ್ಲಿ ಜಾಗ ಕಡಿಮೆ, ಮೂವರಿಗೆ ಸಂಬಳ ಕೊಡುವ ಬದಲು ಒಬ್ಬನಿಗೆ ಕೊಟ್ಟರೆ ಮಾಲೀಕನಿಗೆ ಉಳಿತಾಯ. ಕೈಯಲ್ಲೇ ಎರಡನ್ನೂ ಬಡಿಯುತ್ತಿದ್ದ ವಾದಕನಿಗೆ ಕಾಲಿನ ಪೆಡಲು ವರವಾಗಿ ಬಂತು. ಜರ್ಮನಿಯಲ್ಲಿ ಹುಟ್ಟಿ ಬಾಲ್ಯದಲ್ಲೇ ಷಿಕಾಗೋಗೆ ಬಂದ ವಿಲಿಯಂ ಲುಡ್ವಿಗ್ ತಾನೇ ಡ್ರಮ್ ನುಡಿಸುವವನು. ವೇಗಕ್ಕೆ ಒಗ್ಗುವ ಪೆಡಲೊಂದನ್ನು ರೂಪಿಸಿ, ತಮ್ಮ ಥಿಯೋಬಾಲ್ಡನ ಜೊತೆಗೂಡಿ ೧೯೦೯ರಲ್ಲಿ ಕಂಪನಿ ತೆರೆದ. ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಸೌಟು, ಕಾಲಿನಲ್ಲಿ ತೊಟ್ಟಿಲ ಹಗ್ಗ ಹಿಡಿದ ನಮ್ಮ ಅಜ್ಜಿಯರಿಗೆ ಈ ವಿದ್ಯೆ ಮೊದಲೇ ಗೊತ್ತಿತ್ತು. ಆದರೆ ಅವರು ಕಂಪನಿ ತೆರೆಯಲಿಲ್ಲ.

ಹೆಸರಿನ ಕಥೆಯಂತೂ ಇನ್ನೂ ವಿಚಿತ್ರ. ೧೯೨೭ರಲ್ಲಿ ಮಾತನಾಡುವ ಸಿನಿಮಾ ಬಂತು. ಮೂಕಿ ಚಿತ್ರಕ್ಕೆ ನುಡಿಸುತ್ತಿದ್ದ ವಾದ್ಯದವರು ಕೆಲಸ ಕಳೆದುಕೊಂಡರು. ಡ್ರಮ್ಮಿನ ವ್ಯಾಪಾರ ಕುಸಿಯಿತು. ಲುಡ್ವಿಗ್ ೧೯೨೯ರಲ್ಲಿ ಕಂಪನಿಯನ್ನು ಹೆಸರಿನ ಸಮೇತ ಕಾನ್ ಎಂಬ ಇನ್ನೊಂದು ಕಂಪನಿಗೆ ಮಾರಿದ. ೧೯೩೭ರಲ್ಲಿ ಮತ್ತೆ ತನ್ನದೇ ಕಾರ್ಖಾನೆ ಹಾಕಿದಾಗ ಅವನ ಹೆಸರನ್ನು ಅವನೇ ಹಾಕಿಕೊಳ್ಳುವಂತಿರಲಿಲ್ಲ! ಅದು ಪರರ ಸ್ವತ್ತಾಗಿತ್ತು. ಬರಿಯ ಇನಿಷಿಯಲ್ಲುಗಳನ್ನು ಹಾಕಿ ಡಬ್ಲ್ಯು.ಎಫ್.ಎಲ್. ಎಂದು ಮಾರಿದ. ೧೯೫೫ರಲ್ಲಿ ದುಡ್ಡು ಕೊಟ್ಟು ಸ್ವಂತ ಹೆಸರನ್ನು ಮರಳಿ ಕೊಂಡ. ಮದುವೆಯ ದಿನ ಅಕ್ಕಿಯ ಮೇಲೆ ಹೊಸ ಹೆಸರು ಬರೆಸಿಕೊಂಡ ಹೆಣ್ಣುಮಕ್ಕಳಿಗೆ ಈ ಸಂಕಟವನ್ನು ವಿವರಿಸಿ ಹೇಳಬೇಕಾಗಿಲ್ಲ. ಹೀಗೆ ಹೆಸರೇ ಮನೆಯಿಂದ ಮನೆಗೆ ಹೋಗಿ ಬಂದಿರುವಾಗ, ಬಿಲ್ಲೆಯೊಂದನ್ನೇ ಹಿಡಿದು ಮೂಲ ಸಿಕ್ಕಿತು ಎನ್ನುವುದು ಹೇಗೆ?

ನನ್ನ ಎರಡನೆಯ ತಕರಾರು ಈ ವಿದ್ಯೆಯ ಭಾಷೆಯ ಬಗ್ಗೆ. ಹಳೆಯ ಡ್ರಮ್ಮುಗಳನ್ನು ಸಂಗ್ರಹಿಸುವವರು ತನ್ನ ಜೊತೆಯವುಗಳಿಂದ ಅಗಲಿದ ಒಂಟಿ ಡ್ರಮ್ಮಿಗೆ ‘ಅನಾಥ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಆರ್ಫನ್ ಎಂಬುದೇ ಅವರ ಶಬ್ದ. ಬೇರೆ ಬೇರೆ ಕಂಪನಿಗಳ ಡ್ರಮ್ಮುಗಳು ಸೇರಿದ ಸೆಟ್ಟಿಗೆ ಇನ್ನೂ ಕೀಳಾದ, ಕಂತ್ರಿ ನಾಯಿಗೆ ಹೇಳುವಂಥ ಮಾತುಗಳಿವೆ. ಒಂದಾದರೂ ಹೆಚ್ಚಿನ ತೂತು ಕೊರೆದಿದ್ದರೆ, ತಿರುಪು ಬದಲಾಗಿದ್ದರೆ, ಅದು ಸಂಗ್ರಾಹಕರ ದರ್ಜೆಯಿಂದ ಇಳಿದು ‘ನುಡಿಸುವವರ ದರ್ಜೆ’ಗೆ ಬೀಳುತ್ತದೆ. ಈ ಮಾತನ್ನು ಎರಡು ಸಲ ಓದಿ. ನುಡಿಸಲೆಂದೇ ಹುಟ್ಟಿದ ವಾದ್ಯಕ್ಕೆ ನುಡಿಸುವವರ ದರ್ಜೆ ಎನ್ನುವುದು ಕೆಳಗಿನ ದರ್ಜೆ! ಪೆಟ್ಟಿಗೆಯಿಂದ ಹೊರಗೆ ಬಾರದೆ, ಕೋಲಿನ ಏಟು ತಿನ್ನದೆ, ಮಕ್ಕಳ ಕೈಗೆ ಸಿಗದೆ ಉಳಿದದ್ದು ಮೇಲಿನ ದರ್ಜೆ. ಒಮ್ಮೆಯೂ ಉಡದ ಸೀರೆ, ಒಮ್ಮೆಯೂ ಅನ್ನ ಬೇಯದ ಪಾತ್ರೆ ಇವರ ಪಾಲಿಗೆ ಪುಣ್ಯವಂತ ವಸ್ತುಗಳು.

ಆದರೆ ಈ ನಿಯಮಕ್ಕೂ ಒಂದು ವಿನಾಯಿತಿ ಇದೆ. ೧೯೬೪ರ ಫೆಬ್ರವರಿ ೯ರಂದು ಬೀಟಲ್ಸ್ ತಂಡ ಅಮೆರಿಕದ ಎಡ್ ಸಲಿವನ್ ಷೋನಲ್ಲಿ ಹಾಡಿತು. ಸುಮಾರು ೭ ಕೋಟಿ ೩೦ ಲಕ್ಷ ಜನ ಅದನ್ನು ಟೆಲಿವಿಷನ್ನಿನಲ್ಲಿ ನೋಡಿದರು. ರಿಂಗೋ ಸ್ಟಾರ್ ನುಡಿಸಿದ ಡ್ರಮ್ಮಿನ ಮುಂದೆ ತಂಡದ ಹೆಸರಿನ ಮೇಲ್ಗಡೆ ಲುಡ್ವಿಗ್ ಎಂದು ಬರೆದಿತ್ತು. ಮರುದಿನದಿಂದ ಆ ದೇಶದ ಮಕ್ಕಳಿಗೆಲ್ಲ ಅಂಥದ್ದೇ ಬೇಕಾಯಿತು. ಷಿಕಾಗೋದ ಡೇಮೆನ್ ಅವೆನ್ಯೂ ರಸ್ತೆಯ ಕಾರ್ಖಾನೆ ಹಗಲು ರಾತ್ರಿ ಓಡಿತು. ಆ ವರ್ಷಗಳ ಲುಡ್ವಿಗ್ ಡ್ರಮ್ಮುಗಳು ಇವತ್ತಿಗೂ ಹಳೆಯ ಮನೆಗಳ ಅಟ್ಟದಿಂದ ಇಳಿದು ಬರುತ್ತಿರುವುದಕ್ಕೆ ಇದೇ ಕಾರಣ. ರಿಂಗೋ ಬಳಸಿದ ಒಂದು ಸೆಟ್ಟು ೨೦೧೫ರಲ್ಲಿ ಹರಾಜಾದಾಗ ೨೦ ಲಕ್ಷ ಡಾಲರಿಗೂ ಮೀರಿ ಬೆಲೆ ಬಂತು. ಅದನ್ನೇನು ಪೆಟ್ಟಿಗೆಯಲ್ಲಿ ಇಟ್ಟಿದ್ದರೇ? ನೂರಾರು ಕಛೇರಿಗಳಲ್ಲಿ ಬಡಿದದ್ದು. ಅಂದರೆ ನುಡಿಸಿದವನು ಪ್ರಸಿದ್ಧನಾದರೆ ಏಟಿನ ಗುರುತಿಗೆ ಕೋಟಿ ಬೆಲೆ, ಹೆಸರಿಲ್ಲದವರಾದರೆ ಅದೇ ಗುರುತು ದೋಷ. ಇದು ಇತಿಹಾಸದ ಪ್ರೀತಿಯಲ್ಲ, ಹೆಸರಿನ ಪೂಜೆ.

ನಮ್ಮ ಮನೆಯ ಸೆಟ್ಟಿಗೆ ಬರೋಣ. ಜಾತಕ ಸಿದ್ಧವಾಯಿತು: ಎರಡು ಲುಡ್ವಿಗ್, ೧೯೬೬, ಒಂದು ಅನಾಥ ಸ್ಲಿಂಗರ್ಲ್ಯಾಂಡ್, ಅದರ ಹೊಟ್ಟೆಯಲ್ಲಿ ಕಾರ್ಖಾನೆಯದಲ್ಲದ ಎರಡು ತೂತು, ಒಂದು ಜಪಾನಿ ಸ್ನೇರ್, ಬೆಲೆಯಿಲ್ಲದ್ದು. ಸುದ್ದಿ ತಿಳಿದ ಸಂಗ್ರಾಹಕರೊಬ್ಬರು ಲುಡ್ವಿಗ್ ಎರಡನ್ನು ಮಾತ್ರ ಕೇಳಿದರು. ಅವರಲ್ಲಿದ್ದ ಒಂಟಿ ಟಾಮಿಗೆ ಅವು ಜೊತೆಯಾಗಿ, ಅವರ ಸೆಟ್ಟು ಪೂರ್ತಿಯಾಗುತ್ತಿತ್ತು. ತಂಗಿಯ ಯಜಮಾನರ ವಾದವೂ ತೆಗೆದುಹಾಕುವಂಥದ್ದಲ್ಲ. ‘ಅಕ್ಕ, ಆ ದುಡ್ಡಿನಲ್ಲಿ ಮಗುವಿಗೆ ಹೊಸದೇ ಒಂದು ಸೆಟ್ಟು ಬರುತ್ತೆ. ಉಳಿದೆರಡನ್ನು ಯಾರಿಗಾದರೂ ಕೊಟ್ಟರಾಯಿತು’ ಎಂದರು. ಹುಡುಗಿ ಮಾತಾಡಲಿಲ್ಲ. ಎರಡು ದಿನ ಅಪ್ಪನ ಎದುರಿಗೆ ಊಟಕ್ಕೂ ಕೂರಲಿಲ್ಲ. ಮೂರನೆಯ ದಿನ ನನ್ನ ಹತ್ತಿರ ಬಂದು, ‘ದೊಡ್ಡಮ್ಮ, ಇಷ್ಟೆಲ್ಲ ಲೆನ್ಸು ಹಿಡಿದು ನೋಡಿದರಲ್ಲ, ಮಾರಿದ ಅಜ್ಜಿಯನ್ನು ಯಾರಾದರೂ ಕೇಳಿದರಾ?’ ಎಂದಳು.

ಯಾರೂ ಕೇಳಿರಲಿಲ್ಲ. ಆಕೆ ಎಪ್ಪತ್ತರ ಹತ್ತಿರದ ಮುದುಕಿ. ಗಂಡನದೋ ಅಣ್ಣನದೋ ಇರಬೇಕು, ಮನೆ ಖಾಲಿ ಮಾಡುವಾಗ ಮಾರುತ್ತಿದ್ದಾರೆ ಎಂದು ತಂಗಿಯ ಯಜಮಾನರು ತಿಳಿದಿದ್ದರು. ನಾವು ಮೂವರು ಹೆಂಗಸರು ಒಂದು ಸಂಜೆ ಕೋಡುಬಳೆ ಡಬ್ಬಿ ಹಿಡಿದು ಅವರ ಮನೆಗೆ ಹೋದೆವು. ಡ್ರಮ್ಮು ಅವರದೇ. ಹದಿನೈದನೆಯ ವಯಸ್ಸಿನಲ್ಲಿ ಹಟ ಹಿಡಿದು ತಂದೆಯಿಂದ ಕಂತಿನಲ್ಲಿ ಕೊಡಿಸಿಕೊಂಡದ್ದು. ನಾಲ್ಕು ಜನ ಹುಡುಗಿಯರ ತಂಡ ಕಟ್ಟಿ ಚರ್ಚಿನ ಹಾಲಿನಲ್ಲಿ, ಶಾಲೆಯ ಕೂಟಗಳಲ್ಲಿ ನುಡಿಸಿದರಂತೆ. ಒಂದು ರಾತ್ರಿ ಕಾರಿನಿಂದ ಚಿಕ್ಕ ಟಾಮೂ ಸ್ನೇರೂ ಕಳುವಾದವು. ಮತ್ತೆ ಕೊಡಿಸಲು ತಂದೆ ಒಪ್ಪಲಿಲ್ಲ. ಅಂಗಡಿಯೊಂದರಲ್ಲಿ ಬೆಳ್ಳಿ ಬಣ್ಣ ಹೊಂದುವ ಟಾಮ್ ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕಿತು, ಸ್ನೇರ್ ಅಂಗಡಿಯಲ್ಲಿದ್ದವುಗಳಲ್ಲೇ ಅಗ್ಗದ್ದು. ಮಕ್ಕಳನ್ನು ನೋಡಿಕೊಂಡ ದುಡ್ಡು ಕೂಡಿಸಿ ಎರಡನ್ನೂ ಕೊಂಡರು. ಸ್ಲಿಂಗರ್ಲ್ಯಾಂಡಿನ ಟಾಮ್ ಲುಡ್ವಿಗ್ಗಿನ ಕಂಬಿಗೆ ಕೂರುತ್ತಿರಲಿಲ್ಲ. ಪಕ್ಕದ ಮನೆಯ ಬಡಗಿಯಿಂದ ಎರಡು ತೂತು ಕೊರೆಸಿದರು.

ಸಂಗ್ರಾಹಕರ ಲೆಕ್ಕದಲ್ಲಿ ಬೆಲೆ ಇಳಿಸಿದ ತೂತುಗಳು ಇವೇ. ಹೊಸ ಮನೆಗೆ ಹೊಂದಿಕೊಂಡು ಕೆಲಸಕ್ಕೆ ಬರಲೆಂದು ಮಾಡಿಸಿಕೊಂಡ ತೂತು. ನಮ್ಮ ಮೂಗು ಕಿವಿಗಳನ್ನು ನೋಡಿಕೊಂಡರೆ ಇದು ದೋಷವೋ ಗುರುತೋ ನಮಗೇ ತಿಳಿಯುತ್ತದೆ.

ಒಂದು ಮಾತನ್ನು ಇಲ್ಲಿ ಪ್ರಾಮಾಣಿಕವಾಗಿ ಸೇರಿಸಬೇಕು. ನೆನಪಿನ ಸಾಕ್ಷಿಯೂ ಪೂರ್ತಿ ಗಟ್ಟಿಯಲ್ಲ. ಬೀಟಲ್ಸ್ ಟೆಲಿವಿಷನ್ನಿನಲ್ಲಿ ಬಂದ ವರ್ಷವೇ ಡ್ರಮ್ಮು ಕೊಂಡದ್ದು ಎಂದು ಆಕೆ ಖಂಡಿತವಾಗಿ ಹೇಳಿದರು. ಒಳಗಿನ ಕೆಂಪು ಮುದ್ರೆ ೧೯೬೬ ಎನ್ನುತ್ತದೆ. ಫೋನಿನಲ್ಲಿ ಅದರ ಚಿತ್ರ ತೋರಿಸಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಹೌದು, ಎರಡು ವರ್ಷ ಬೇಡಿರಬೇಕು ಎಂದು ನಕ್ಕರು. ಲೋಹ ನೆನಪನ್ನು ತಿದ್ದಿತು, ನೆನಪು ಲೋಹಕ್ಕೆ ಅರ್ಥ ಕೊಟ್ಟಿತು. ಒಳ್ಳೆಯ ವಿಮರ್ಶೆಗೆ ಎರಡೂ ಬೇಕು. ನಾನು ಈ ವಿದ್ಯೆಯನ್ನು ತಳ್ಳಿಹಾಕುತ್ತಿಲ್ಲ, ಅರ್ಧ ದಾರಿಯಲ್ಲೇ ನಿಂತುಬಿಟ್ಟಿದೆ ಎನ್ನುತ್ತಿದ್ದೇನೆ. ಹುಟ್ಟಿದ್ದೆಲ್ಲಿ ಎಂದು ಕೇಳಿದವರು ಬಾಳಿದ್ದು ಹೇಗೆ ಎಂದು ಕೇಳಲಿಲ್ಲ.

ಬಾಳಿದವರನ್ನು ಕೇಳದಿದ್ದಾಗ ಮೊದಲು ಅಳಿಸಿಹೋಗುವುದು ಹೆಂಗಸರ ಹೆಸರು. ಡ್ರಮ್ಮು ಎಂದೊಡನೆ ಗಂಡಸೇ ನೆನಪಿಗೆ ಬರುವುದು ಇಂಗ್ಲಿಷರಿಗೂ ಇದೆ, ನಮಗೂ ಇದೆ. ಷಿಕಾಗೋದ ಉತ್ತರಕ್ಕಿರುವ ವಿಸ್ಕಾನ್ಸಿನ್ ರಾಜ್ಯದಲ್ಲಿ ೧೯೧೨ರಲ್ಲಿ ಹುಟ್ಟಿದ ವಯೋಲಾ ಸ್ಮಿತ್ ಎಂಬಾಕೆ ಹುಡುಗಿಯರದೇ ವಾದ್ಯಮೇಳಗಳಲ್ಲಿ ಡ್ರಮ್ ನುಡಿಸಿ ಹೆಸರಾದರು. ೧೯೪೨ರಲ್ಲಿ ಗಂಡಸರು ಯುದ್ಧಕ್ಕೆ ಹೊರಟಾಗ, ದೊಡ್ಡ ವಾದ್ಯಮೇಳಗಳಲ್ಲಿ ತೆರವಾದ ಜಾಗಗಳನ್ನು ಹೆಣ್ಣುಮಕ್ಕಳಿಗೆ ಕೊಡಿ ಎಂದು ಡೌನ್ ಬೀಟ್ ಎಂಬ ಸಂಗೀತ ಪತ್ರಿಕೆಯಲ್ಲಿ ವಾದಿಸಿ ಬರೆದರು. ೧೦೭ ವರ್ಷ ಬದುಕಿ ೨೦೨೦ರಲ್ಲಿ ತೀರಿಕೊಂಡರು. ಇಂಥವರಿದ್ದ ನಾಡಿನಲ್ಲೂ ಹಳೆಯ ಡ್ರಮ್ಮು ಸಿಕ್ಕಿದರೆ ‘ಇದು ಯಾವ ಹುಡುಗನದಿರಬಹುದು’ ಎಂಬ ಯೋಚನೆಯೇ ಮೊದಲು ಬರುತ್ತದೆ.

ಸಿಂಬಲ್ಲಿನ ಮಾತನ್ನು ಕೊನೆಗೆ ಉಳಿಸಿಕೊಂಡಿದ್ದೆ. ಅದರ ಮೇಲೆ ಒತ್ತಿದ್ದ ಮುದ್ರೆಯಲ್ಲಿ ಹಳೆಯ ತುರ್ಕಿಯ ಅರಬ್ಬಿ ಲಿಪಿ, ಕೆಳಗೆ ಜಿಲ್ಜಿಯನ್ ಎಂಬ ಹೆಸರು. ಇವರು ಅರ್ಮೇನಿಯದ ಕ್ರೈಸ್ತ ಮನೆತನದವರು, ಇಸ್ತಾಂಬುಲ್ಲಿನಲ್ಲಿ ೧೬೨೩ರಲ್ಲಿ ಕುಲುಮೆ ಹಾಕಿದವರು. ಮನೆತನದ ಹೆಸರಿಗೇ ಸಿಂಬಲ್ ಮಾಡುವವನ ಮಗ ಎಂದರ್ಥ. ೧೯೨೯ರಲ್ಲಿ ಕೆಲಸವನ್ನು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯಕ್ಕೆ ತಂದರು. ಸುಮಾರು ೮೦ ಪಾಲು ತಾಮ್ರಕ್ಕೆ ೨೦ ಪಾಲು ತವರ ಬೆರೆಸಿದ ಕಂಚು ಅದು. ನಮ್ಮ ಭಜನೆಯ ಕಂಚಿನ ತಾಳವೂ ಇದೇ ತಾಮ್ರ ತವರದ ಕೂಡಿಕೆ. ಬೆರೆಸುವ ಗುಟ್ಟನ್ನು ಮುನ್ನೂರೈವತ್ತು ವರ್ಷ ಮನೆಯ ಗಂಡುಮಕ್ಕಳಿಗೆ ಮಾತ್ರ ಹೇಳಿಕೊಟ್ಟರು. ಕೊನೆಗೆ ಅರ್ಮಾಂಡ್ ಜಿಲ್ಜಿಯನ್ ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ಕಲಿಸಿದ. ಹಿರಿಯವಳಾದ ಕ್ರೇಗಿ ೧೯೯೯ರಲ್ಲಿ ಕಂಪನಿಯ ಮುಖ್ಯಸ್ಥೆಯಾದಳು, ಆ ಮನೆತನದಲ್ಲಿ ಮೊದಲ ಹೆಂಗಸು. ಸಿಂಬಲ್ಲಿನ ವಯಸ್ಸು ಹೇಳಲು ಮುದ್ರೆಯ ಅಕ್ಷರವನ್ನು ಅಳೆಯುವ ಜಾಣರಿದ್ದಾರೆ. ಆ ಮುದ್ರೆಯ ಹಿಂದೆ ಎಷ್ಟು ತಲೆಮಾರಿನ ಹೆಣ್ಣುಮಕ್ಕಳು ಕುಲುಮೆಯ ಬಾಗಿಲಿನಿಂದಲೇ ಹಿಂತಿರುಗಿದರು ಎಂಬುದನ್ನು ಯಾವ ಅಳತೆಪಟ್ಟಿಯೂ ತೋರಿಸುವುದಿಲ್ಲ.

ಮಾರಾಟ ನಡೆಯಲಿಲ್ಲ. ತಂಗಿಯ ಯಜಮಾನರು ಆ ಅಜ್ಜಿಯ ಮಾತು ಕೇಳಿ, ಒಂದು ರಾತ್ರಿ ಯೋಚಿಸಿ, ಸಂಗ್ರಾಹಕರಿಗೆ ತಾವೇ ಬೇಡವೆಂದು ಹೇಳಿದರು. ತೂತುಗಳನ್ನು ಮುಚ್ಚಿಸುವ ಆಸೆ ಮಾತ್ರ ಅವರಿಗಿತ್ತು. ಮಗಳು ಅದಕ್ಕೂ ಒಪ್ಪಲಿಲ್ಲ. ಅಜ್ಜಿಯ ಅನುಮತಿ ಪಡೆದು, ಅವರ ಹೆಸರು, ತಂಡದ ಹೆಸರು, ಕಳುವಿನ ಕಥೆ, ತೂತಿನ ಕಥೆ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಬೇಸ್ ಡ್ರಮ್ಮಿನ ಒಳಗೆ ಕೆಂಪು ಮುದ್ರೆಯ ಪಕ್ಕದಲ್ಲಿ ಅಂಟಿಸಿದಳು. ಐವತ್ತು ವರ್ಷದ ನಂತರ ಯಾರಾದರೂ ಟಾರ್ಚು ಬಿಟ್ಟು ನೋಡಿದರೆ ಅವರಿಗೆ ತಾರೀಖಿನ ಜೊತೆ ಒಬ್ಬ ಮನುಷ್ಯಳೂ ಸಿಗುತ್ತಾಳೆ.

ನಮ್ಮ ಕಡೆ ಪಾತ್ರೆಗಳ ಮೇಲೆ ಹೆಸರು ಕೊರೆಸುವ ಪದ್ಧತಿ ಇದೆಯಲ್ಲ, ಅದನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ತವರಿನಿಂದ ಬಂದ ಹಿತ್ತಾಳೆ ಕೊಳಗದ ಮೇಲೆ ಕೊಟ್ಟವರ ಹೆಸರು, ಇಸವಿ, ಕೆಲವೊಮ್ಮೆ ಮದುವೆಯ ತಾರೀಖು. ಬಡಿದು ಮಾಡಿದ ಕಂಚುಗಾರನ ಹೆಸರು ಯಾವ ಪಾತ್ರೆಯಲ್ಲೂ ಇಲ್ಲ. ಅಮೆರಿಕದ ಡ್ರಮ್ಮಿನಲ್ಲಿ ಮಾಡಿಸಿದ ಕಂಪನಿಯ ಹೆಸರುಂಟು, ನುಡಿಸಿದವರ ಹೆಸರಿಲ್ಲ. ನಮ್ಮ ಕೊಳಗದಲ್ಲಿ ಮನೆಯವರ ಹೆಸರುಂಟು, ಮಾಡಿದವನ ಹೆಸರಿಲ್ಲ; ದಿನವೂ ಅದನ್ನು ಹುಣಿಸೆಹಣ್ಣು ಹಚ್ಚಿ ಬೆಳಗಿದವಳ ಹೆಸರಂತೂ ಎರಡು ಕಡೆಯೂ ಇಲ್ಲ. ಎರಡು ಪದ್ಧತಿಯೂ ಅರ್ಧ ಸತ್ಯವನ್ನಷ್ಟೇ ಕೊರೆದಿಟ್ಟಿವೆ.

ಅಟ್ಟದ ಮೇಲಿನ ಹಾರ್ಮೋನಿಯಂ, ಮೂಲೆಯ ಹೊಲಿಗೆ ಯಂತ್ರ, ಅಜ್ಜಿಯ ಕಾಲದ ಒರಳು ಯಾವುದಾದರೂ ಸರಿ, ನಿಮ್ಮ ಮನೆಯಲ್ಲೂ ಒಂದು ಹಳೆಯ ವಸ್ತು ಇದ್ದೇ ಇರುತ್ತದೆ. ಗುಜರಿಯವನು ತೂಕ ಕೇಳುತ್ತಾನೆ, ಸಂಗ್ರಾಹಕ ಬಿಲ್ಲೆ ಕೇಳುತ್ತಾನೆ. ನೀವು ಮನೆಯ ಹಿರಿಯ ಹೆಂಗಸನ್ನು ಕೂರಿಸಿಕೊಂಡು, ಇದನ್ನು ಯಾರು ಬಳಸಿದರು, ಎಲ್ಲಿ ಮುರಿಯಿತು, ಹೇಗೆ ಸರಿ ಮಾಡಿಸಿದಿರಿ ಎಂದು ಕೇಳಿ. ಕೇಳಿದ್ದನ್ನು ಇಸವಿ ಹಾಕಿ ಬರೆದಿಡಿ. ಮುದ್ರೆ ಅಳಿಸಿಹೋದರೂ ಓದಲು ಭೂತಗನ್ನಡಿ ಸಿಗುತ್ತದೆ, ಆ ಹಿರಿಯಳು ಹೋದ ಮೇಲೆ ಅವಳ ಮಾತನ್ನು ಓದುವ ಭೂತಗನ್ನಡಿ ಎಲ್ಲಿಯೂ ಸಿಗುವುದಿಲ್ಲ.